ಡೆಕ್ಕಿನ ಸ್ನಾನ

ಗುರುವ ಹೊಲಿಗೆ ಮಿಷನ್ನಿನ ಕೆಳಗೆ ಮೊಣಕಾಲೂರಿ, ನೆಲಕ್ಕೆ ಕೆನ್ನೆ ಹಚ್ಚಿ, ಕೈಜಾರಿದ ಸ್ಕ್ರೂ ಹುಡುಕುತ್ತಿದ್ದ. ಒಂದು ಮಾರು ಆಚೆ ಚಾಪೆಯ ಮೇಲೆ ವಿಘ್ನೇಶ್ವರನ ಹೆಣ ದಕ್ಷಿಣಕ್ಕೆ ತಲೆಮಾಡಿ ಮಲಗಿತ್ತು. ಮುಂದಿನ ಕೋಣೆ ಅಷ್ಟೇ ಇದ್ದದ್ದು. ನೋಡಲು ಬಂದವರು ಹೆಣಕ್ಕೆ ಕೈಮುಗಿದು, ಗುರುವನ ಕಾಲು ದಾಟಿ, ಗೋಡೆಗೆ ಒರಗಿ ನಿಲ್ಲಬೇಕಾಗಿತ್ತು. ದಾಟುವಾಗ ಹೆಚ್ಚಿನವರು ತಗ್ಗಿದ ದನಿಯಲ್ಲಿ ಒಂದೇ ಮಾತು ಕೇಳುತ್ತಿದ್ದರು, ಡೆಕ್ ಸರಿಯಾಯಿತೇ ಎಂದು.

“ಆಗ್ತದೆ,” ಎನ್ನುತ್ತಿದ್ದ ಗುರುವ, ನೆಲದಿಂದಲೇ.

ಹಾಡಿನ ಕ್ಯಾಸೆಟ್ ಹಾಕುವ ಆ ಡೆಕ್, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಹರಡಿದ ಹಳೆಯ ಪೇಪರಿನ ನಡುವೆ, ಮುಚ್ಚಳ ಬಿಚ್ಚಿಕೊಂಡು ಕೂತಿತ್ತು. ಹಿಂದಿನ ಸಂಜೆ ವಿಘ್ನೇಶ್ವರ ಬಿಟ್ಟ ಹಾಗೆಯೇ ಎಲ್ಲವೂ ಇತ್ತು. ಕರಟದಲ್ಲಿ ಸ್ಕ್ರೂಗಳು, ಸ್ಪಿರಿಟ್ಟಿನ ಸಣ್ಣ ಬಾಟಲಿ, ತುದಿಗೆ ಹತ್ತಿ ಸುತ್ತಿದ ಪೊರಕೆಯ ಹಿಡಿಕಡ್ಡಿ. ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟವನು ಎದೆ ಹಿಡಿದುಕೊಂಡು ಹಾಗೇ ಕುಸಿದ. ಜೀಪು ಬರುವಷ್ಟರಲ್ಲಿ ಮುಗಿದಿತ್ತು. ಅದೊಂದೂ ತಿಳಿಯದೆ ಗುರುವ, ಮಾತು ಕೊಟ್ಟಿದ್ದ ಹಾಗೆ, ಡೆಕ್ಕಿಗೆ ಬೇಕಾದ ಎರಡು ರಬ್ಬರ್ ಬೆಲ್ಟು ಕಿಸೆಯಲ್ಲಿಟ್ಟುಕೊಂಡು ಭಂಡಿಗಡಿಯಿಂದ ಮೊದಲ ಬಸ್ಸಿಗೆ ಬಂದಿದ್ದ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ, ಯಾರಿಗೆ ಏನಾಯಿತೆಂದು ಕೇಳಲೂ ಆಗದೆ ಕಿಸೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಿದ್ದ. ಮದುವೆಗೂ ನಾಟಕಕ್ಕೂ ಮೈಕ್‌ಸೆಟ್ ಕಟ್ಟುವವನು ಅವನು. ವಿಘ್ನೇಶ್ವರನಿಗೆ ಇದ್ದ ಒಬ್ಬನೇ ಸ್ನೇಹಿತ ಎಂದರೂ ತಪ್ಪಿಲ್ಲ.

ಹೊಸಿಲಾಚೆ ಶ್ರೀಕಾಂತ ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ. ವಿಘ್ನೇಶ್ವರನಿಗೆ ಗಂಡುಮಕ್ಕಳಿಲ್ಲದ್ದರಿಂದ ಕೊಳ್ಳಿ ಇಡಬೇಕಾದವನು ಈ ತಮ್ಮ. ಶೃಂಗೇರಿಯ ಪಾತ್ರೆ ಅಂಗಡಿಯನ್ನು ಆಳಿನ ಕೈಗೆ ಬಿಟ್ಟು ಬಂದಿದ್ದ. ಭಟ್ಟರು ಸ್ನಾನ ಮಾಡಿಸಿ ನಿಲ್ಲಿಸಿ ಬಹಳ ಹೊತ್ತಾಗಿತ್ತು. ಪುಷ್ಯಮಾಸದ ಚಳಿ, ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಎನ್.ಆರ್. ಪುರದಿಂದ ಮಗಳು ಅರ್ಪಣಾಳ ಬಸ್ಸು ಬಂದ ಕೂಡಲೇ ಹೆಣ ಎತ್ತುವುದು ಎಂದು ಮಾತಾಗಿತ್ತು.

“ಗುರುವ, ನಿನ್ನ ಹತ್ರ ಸೀಡಿ ಇದ್ಯಲ್ಲ ಮಾರಾಯ. ಅದನ್ನೇ ತಂದು ಹಾಕು. ಭಜನೆ ಯಾವುದ್ರಲ್ಲಿ ಬಂದ್ರೆ ಎಂತ? ಇನ್ನೊಂದು ಗಳಿಗೆ ಹೀಗೇ ನಿಲ್ಸಿದ್ರೆ ನೀವು ಎರಡು ಚಟ್ಟ ಕಟ್ಬೇಕಾಗ್ತದೆ,” ಎಂದ ಅವನು.

ಗುರುವ ವನಮಾಲಾಳ ಕಡೆ ನೋಡಿದ. ಅವಳು ಗಂಡನ ತಲೆಯ ಹತ್ತಿರ, ಹೊಲಿಗೆ ಮಿಷನ್ನಿನ ಕಾಲಿಗೆ ಒರಗಿ ಕೂತಿದ್ದಳು. ಬೆಳಗ್ಗಿನಿಂದ ಅತ್ತಿರಲಿಲ್ಲ.

“ಅದಾಗ್ಲಿಕ್ಕಿಲ್ಲ,” ಎಂದಳು. “ಊರಿನವರ ಸಾವಿಗೆಲ್ಲ ಇವ್ರ ಡೆಕ್ಕು ಹೋಗಿದೆ. ಇವ್ರಿಗೆ ಮಾತ್ರ ಮತ್ತೊಬ್ರದ್ದು ತರ್ಬೇಕಾ? ಡೆಕ್ ಹಾಡಿದ್ಮೇಲೇ ಎತ್ತುವುದು.”

ಪಕ್ಕದ ಮನೆಯ ಸುಬ್ಬಮ್ಮ ತನ್ನ ಮಗ್ಗುಲಲ್ಲಿದ್ದವಳ ಕಿವಿಗೆ ಬಾಗಿದಳು. ಮುದುಕಿಗೆ ಕಿವಿ ಮಂದ, ಹಾಗಾಗಿ ಅವಳ ಪಿಸುಮಾತು ಇಡೀ ಕೋಣೆಗೆ ಕೇಳಿಸಿತು. “ನಿನ್ನೆವರೆಗೆ ಅದನ್ನು ತುಂಗೆಗೆ ಎಸೀತೇನೆ ಅಂತಿದ್ದೋಳು.”

ಗುರುವನಿಗೆ ಸ್ಕ್ರೂ ಸಿಕ್ಕಿತು. ಮಿಷನ್ನಿನ ಪೆಡಲಿನ ಸಂದಿಯಲ್ಲಿ ದಾರದ ಉಂಡೆಯೊಳಗೆ ಸೇರಿಕೊಂಡಿತ್ತು.

*

ವಿಘ್ನೇಶ್ವರ ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ. ಬೆಳಗ್ಗಿನಿಂದ ಸಂಜೆವರೆಗೆ ಕೊಪ್ಪ, ಕೊಪ್ಪ ಎಂದು ಕೂಗಿ ಜನ ಹತ್ತಿಸುವುದು, ಪಾರ್ಸೆಲ್ಲುಗಳನ್ನು ಟಾಪಿಗೆ ಏರಿಸುವುದು, ತಡವಾದ ಬಸ್ಸಿನ ಬೈಗುಳ ತಾನು ತಿನ್ನುವುದು. ಅಷ್ಟು ಕೂಗುವವನು ಮನೆಗೆ ಬಂದ ಮೇಲೆ ಮಾತೇ ಆಡುತ್ತಿರಲಿಲ್ಲ. ಕೂತು ಕೇಳುವುದು ಅವನಿಗೆ ಇಷ್ಟ.

ಡೆಕ್ ಅವನ ಮನೆಗೆ ಬಂದದ್ದು ಅರ್ಪಣಾ ಇನ್ನೂ ಅಂಬೆಗಾಲಿಡುತ್ತಿದ್ದಾಗ. ಊರು ಬಿಟ್ಟು ಹೋಗುತ್ತಿದ್ದ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬ ತನ್ನ ಸಾಮಾನು ಬಸ್ಸಿಗೆ ಏರಿಸುವಾಗ, ಇಷ್ಟು ಭಾರದ್ದನ್ನು ಹೊತ್ತು ಎಲ್ಲಿಗೆ ಹೋಗಲಿ ಎಂದು ಬಸ್‌ಸ್ಟ್ಯಾಂಡಿನಲ್ಲೇ ಅದನ್ನು ಮಾರಲು ಕೂತಿದ್ದ. ವಿಘ್ನೇಶ್ವರ ಹೆಂಡತಿಯನ್ನು ಕೇಳದೆ ತಂದ. ಬೆಳ್ಳಿ ಬಣ್ಣದ ಮುಖ, ಒತ್ತಿದರೆ ಕಟಕ್ಕೆಂದು ಕೆಳಗೇ ಕೂರುವ ದಪ್ಪ ಗುಂಡಿಗಳು, ಹಾಡಿನ ಏರಿಳಿತಕ್ಕೆ ಕುಣಿಯುವ ಎರಡು ಮುಳ್ಳು. ಅದಕ್ಕೊಂದು ಸಣ್ಣ ಆಂಪ್ಲಿಫೈಯರ್, ಒಂದು ಸ್ಪೀಕರ್ ಬಾಕ್ಸ್. ವನಮಾಲಾ ಹೊಲಿಯುತ್ತಾ ಆ ಮುಳ್ಳುಗಳನ್ನು ನೋಡುವಳು. ಆಗ ಅವಳಿಗೂ ಅದರ ಮೇಲೆ ಸಿಟ್ಟಿರಲಿಲ್ಲ.

ಸಾವಿನ ಮನೆಗೆ ಅದು ಹೋಗುವಂತಾದದ್ದು ಬಸ್ಸಿನ ಡ್ರೈವರ್ ಕರಿಯಣ್ಣನಿಂದ. ಭಂಡಿಗಡಿಯಲ್ಲಿ ಅವನ ತಾಯಿ ಸತ್ತಾಗ ಮನೆಯಲ್ಲಿ ಅಳುವವರೇ ಇರಲಿಲ್ಲ. ಮುದುಕಿ ಎಲ್ಲರೊಡನೆ ಜಗಳ ಕಾದು ಸತ್ತವಳು. ಬಂದವರು ಕೆಮ್ಮುತ್ತಾ, ಎಲೆಯಡಿಕೆ ಹಾಕುತ್ತಾ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಕರಿಯಣ್ಣ ತಡೆಯಲಾರದೆ, ವಿಘ್ನಣ್ಣ, ನಿಮ್ಮ ಡೆಕ್ಕಾದರೂ ತನ್ನಿ, ಮನೆ ಬಿಕೋ ಅನ್ನುತ್ತದೆ ಎಂದು ಹೇಳಿ ಕಳಿಸಿದ್ದ. ವಿಘ್ನೇಶ್ವರ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲೇ ಒಯ್ದು ಭಜನೆಯ ಕ್ಯಾಸೆಟ್ ಹಾಕಿದ. ಮೂರನೆಯ ಭಜನೆ ಮುಗಿಯುವ ಹೊತ್ತಿಗೆ, ಅತ್ತೆಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಸೊಸೆ ಒಲೆಯ ಮುಂದೆ ಬಿಕ್ಕತೊಡಗಿದಳಂತೆ.

ಅಲ್ಲಿಂದ ಅದು ಸುತ್ತಿನಲ್ಲಿ ಒಂದು ಪದ್ಧತಿಯಾಯಿತು. ಭಟ್ರು ಬಂದ್ರಾ ಎನ್ನುವ ಹಾಗೆ ಡೆಕ್ ಬಂತಾ ಎಂದು ಕೇಳತೊಡಗಿದರು. ಸುದ್ದಿ ಕಂಡಕ್ಟರುಗಳ ಬಾಯಲ್ಲಿ ಬಸ್‌ಸ್ಟ್ಯಾಂಡಿಗೆ ಬರುತ್ತಿತ್ತು. ವಿಘ್ನೇಶ್ವರ ಯಾರದ್ದಾದರೂ ಕೈಗೆ ಟಿಕೆಟ್ ಪುಸ್ತಕ ಕೊಟ್ಟು ಗೋಣಿಚೀಲ ಹೆಗಲಿಗೇರಿಸುತ್ತಿದ್ದ. ಬಸ್ಸಿನಲ್ಲಿ ಆ ಚೀಲ ಕಂಡರೆ ಜನ ಸರಿದು ಜಾಗ ಬಿಡುತ್ತಿದ್ದರು. ಅವನಿಗೆ ಅದು ಗೌರವದಂತೆ ಕಾಣುತ್ತಿತ್ತು. ಹೆದರಿಕೆ ಎಂದು ವನಮಾಲಾ ಹೇಳಿದರೆ ಒಪ್ಪುತ್ತಿರಲಿಲ್ಲ.

*

ಮೊದಲನೆಯ ಬೆಲ್ಟು ದಪ್ಪವಾಯಿತು. ಗುರುವ ಅದನ್ನು ಮೋಟರಿನ ಕುತ್ತಿಗೆಗೆ ಹಾಕಿ ದೊಡ್ಡ ಚಕ್ರಕ್ಕೆ ಎಳೆದರೆ ಪಟ್ಟೆಂದು ಹಾರಿ ಹೆಣದ ಕಾಲಬುಡದಲ್ಲಿ ಬಿತ್ತು. ಭಟ್ಟರು ಕಣ್ಣು ಮುಚ್ಚಿಕೊಂಡರು. ಎರಡನೆಯದು ಕೂತಿತು. ಕೂತ ಸಂತೋಷದಲ್ಲಿ ಸ್ವಿಚ್ಚು ಒತ್ತಿದರೆ ಕರೆಂಟಿಲ್ಲ.

“ಈಗಷ್ಟೇ ಇತ್ತಲ್ಲ,” ಎಂದ ಗುರುವ, ಯಾರನ್ನೋ ಬೇಡಿಕೊಳ್ಳುವ ಹಾಗೆ.

ಶ್ರೀಕಾಂತ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಅವನ ಮೊಬೈಲು ಬೇರೆಯವರ ಕೈಯಲ್ಲಿತ್ತು. ಅದು ರಿಂಗಾದಾಗಲೆಲ್ಲ ಅಂಗಡಿಯಿಂದ ಎಂದು ಯಾರೋ ದೂರದಿಂದ ಕೂಗಿ ಹೇಳುವುದು, ಮಡಿಯಲ್ಲಿದ್ದ ಇವನು ಮುಟ್ಟುವಂತಿಲ್ಲದ್ದರಿಂದ ಹಲ್ಲು ಕಚ್ಚುವುದು, ಹೀಗೇ ನಡೆದಿತ್ತು. ಬದುಕಿದ್ದಾಗಲೂ ಅಣ್ಣನ ಕತೆ ಇದೇ, ಒಂದು ಕೆಲಸ ಸಮಯಕ್ಕೆ ಮುಗಿಸಿದವನಲ್ಲ, ಬಸ್ಸು ಹಿಡಿಸುವವನೇ ಬಸ್ಸು ತಪ್ಪಿಸಿಕೊಳ್ಳುತ್ತಿದ್ದ ಎಂದು ಬಂದವರಿಗೆ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ಅವನ ದನಿ ಒಡೆಯಿತು. ಹಾಗಾದದ್ದಕ್ಕೂ ಅವನಿಗೆ ಸಿಟ್ಟೇ ಬಂತು.

ಕರೆಂಟ್ ಬರುವವರೆಗೆ ಸುಮ್ಮನಿರಲಾರದೆ ಗುರುವ ಕ್ಯಾಸೆಟ್ಟಿನ ಬಾಗಿಲು ತೆರೆದು ಒಳಗೆ ಟಾರ್ಚು ಬಿಟ್ಟು ನೋಡಿದ. ಒಳಗೆ ಒಂದು ಸಣ್ಣ ಉಕ್ಕಿನ ಕಡ್ಡಿ, ಅದಕ್ಕೆ ಒತ್ತಿ ನಿಲ್ಲುವ ಒಂದು ರಬ್ಬರ್ ಚಕ್ರ. ಆ ಎರಡರ ನಡುವೆಯೇ ಟೇಪು ಹಾಯುವುದು. ಅವು ಜಾರಿದರೆ ಹಾಡೂ ಜಾರುತ್ತದೆ.

“ವನಮಾಲಕ್ಕ, ಈ ಚಕ್ರಕ್ಕೆ ಎಣ್ಣೆ ಆಗಿದೆ ಅಂತಿದ್ರು ವಿಘ್ನಣ್ಣ. ಒರೆಸಿ ಆಗಿದ್ಯಾ? ಈ ಬೆಳಕಲ್ಲಿ ನಂಗೆ ಗೊತ್ತಾಗೋದಿಲ್ಲ.”

ಎಣ್ಣೆ ಎಂದ ಕೂಡಲೇ ಗೋಡೆಗೆ ಒರಗಿದ್ದ ಹೆಂಗಸರು ವನಮಾಲಾಳನ್ನು ನೋಡಿದರು. ಆ ಎಣ್ಣೆಗಾಗಿ ಗಂಡ ಹೆಂಡತಿ ಆಡಿದ ಜಗಳ ಎಲ್ಲರಿಗೂ ಗೊತ್ತಿತ್ತು.

“ಆಗಿದೆ,” ಎಂದಳು ಅವಳು. “ನಿನ್ನೆ ಸಂಜೆ ಒರೆಸಿ ಮುಗಿಸಿದ್ರು. ಬೆಳ್ಳಗಾಗಿದೆ.”

ಗುರುವ ಅದನ್ನು ಬಿಟ್ಟು ಮೋಟರಿನ ಕಡೆ ತಿರುಗಿದ.

*

ಡೆಕ್ಕಿಗೆ ಸ್ನಾನ ಮಾಡಿಸುವ ಪದ್ಧತಿ ಶುರುವಾದದ್ದು ಒಂದು ಮದುವೆಯ ರವಿಕೆಯಿಂದ.

ಶೆಟ್ಟಿಕೊಪ್ಪದ ಗಂಗಾಂಬಿಕೆ ಮಗಳ ಮದುವೆಯ ರವಿಕೆಗಳಿಗೆ ಬಟ್ಟೆ ತಂದಿದ್ದಳು. ವನಮಾಲಾ ಅಳತೆ ಬರೆದು, ಬಟ್ಟೆ ಮಡಚಿ ಮೇಜಿನ ಮೇಲಿಟ್ಟಿದ್ದಾಗ ವಿಘ್ನೇಶ್ವರ ಗೋಣಿಚೀಲ ಹೊತ್ತು ಬಾಗಿಲಲ್ಲಿ ಕಾಣಿಸಿಕೊಂಡ. ಎಲ್ಲಿಗೆ ಹೋಗಿದ್ರಿ ಎಂದು ಆಕೆ ಉಪಚಾರಕ್ಕೆ ಕೇಳಿದಳು. ಅವನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಗಂಗಾಂಬಿಕೆ ಎದ್ದು, ಮಡಚಿಟ್ಟ ಬಟ್ಟೆಯನ್ನು ಹಾಗೇ ಎತ್ತಿ ಚೀಲಕ್ಕೆ ತುರುಕಿಕೊಂಡು, ಇನ್ನೊಂದು ದಿನ ಬರುತ್ತೇನೆ ಎಂದು ಹೊರಟಳು. ಮತ್ತೆ ಬರಲಿಲ್ಲ.

ಅವತ್ತು ವನಮಾಲಾ ಡೆಕ್ಕನ್ನು ಅಂಗಳದಲ್ಲಿಟ್ಟು ಬಾಗಿಲು ಹಾಕಿಕೊಂಡಳು. ಒಂದೋ ಅದು ಒಳಗಿರಬೇಕು, ಇಲ್ಲ ನನ್ನ ಮಿಷನ್ನು ಒಳಗಿರಬೇಕು ಎಂದಳು. ವಿಘ್ನೇಶ್ವರ ಅಂಗಳದಲ್ಲಿ ಡೆಕ್ಕಿನ ಪಕ್ಕ ಬಹಳ ಹೊತ್ತು ಕೂತಿದ್ದು, ಬಾಗಿಲಿನ ಸಂದಿಗೆ ಬಾಯಿಟ್ಟು, “ನಾನೂ ಸಾವಿನ ಮನೆಯಿಂದ್ಲೇ ಬಂದದ್ದು. ನಂಗೆ ಸ್ನಾನ ಮಾಡಿದ್ರೆ ಒಳಗೆ ಬಿಡ್ತಿ. ಅದಕ್ಕೂ ಸ್ನಾನ ಮಾಡಿಸಿದ್ರೆ ಆಗೋದಿಲ್ವಾ?” ಎಂದ. ಒಳಗೆ ಅವಳಿಗೆ ನಗು ಬಂತು. ನಗು ಬಂದದ್ದಕ್ಕೇ ಸೋತಳು.

ಅಂದಿನಿಂದ ಸಾವಿನ ಮನೆಯಿಂದ ಬಂದರೆ ಮೊದಲು ಅವನ ಸ್ನಾನ, ಆಮೇಲೆ ಡೆಕ್ಕಿನದು. ಮೆಡಿಕಲ್ ಶಾಪಿನಿಂದ ಸ್ಪಿರಿಟ್ಟು, ಅವಳ ದೇವರ ಬತ್ತಿಯ ಡಬ್ಬಿಯಿಂದ ಹತ್ತಿ, ಗುಡಿಸುವ ಹಿಡಿಸೂಡಿಯಿಂದ ಕಿತ್ತ ಕಡ್ಡಿ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪು ಓದುವ ಹೆಡ್ಡು, ಉಕ್ಕಿನ ಕಡ್ಡಿ, ರಬ್ಬರ್ ಚಕ್ರ ಒಂದೊಂದನ್ನೇ ಒರೆಸುವನು. ಟೇಪಿನಿಂದ ಉದುರಿದ ಕಂದು ಹುಡಿ, ಅಗರಬತ್ತಿ ಹೊಗೆಯ ಅಂಟು ಎಲ್ಲ ಹತ್ತಿಗೆ ಬರುತ್ತಿತ್ತು. ಹತ್ತಿ ಬೆಳ್ಳಗೆ ಬರುವವರೆಗೆ ಒರೆಸಬೇಕು. ಆದರೆ ಬೆಳ್ಳಗಾಯಿತೇ ಎಂದು ಅವನಿಗೆ ಕಾಣದು. ಕಣ್ಣಿಗೆ ಪೊರೆ ಬರತೊಡಗಿತ್ತು, ಆಪರೇಷನ್ನಿಗೆ ಹೆದರಿ ಮುಂದೆ ಮುಂದೆ ಹಾಕುತ್ತಿದ್ದ. ಕಡ್ಡಿಯನ್ನು ಹೆಂಡತಿಯ ಮುಖದ ಮುಂದೆ ಹಿಡಿಯುತ್ತಿದ್ದ.

“ನೋಡೇ, ಬೆಳ್ಳಗಾಯ್ತಾ?”

ಮೊದಮೊದಲು ಅವಳು ನಿಜವಾಗಿ ನೋಡುತ್ತಿದ್ದಳು. ನೋಡಿ, ಇಲ್ಲ ಎನ್ನುತ್ತಿದ್ದಳು. ಅವನನ್ನು ಸತಾಯಿಸಲೆಂದೇ ಎಷ್ಟೋ ಸಲ ಇಲ್ಲ ಎಂದದ್ದೂ ಉಂಟು. ಅವನು ಬೇಸರಿಸದೆ ಹೊಸ ಹತ್ತಿ ಸುತ್ತುವನು. ಹೊಲಿಗೆಯವಳ ಕಣ್ಣು, ಅದಕ್ಕೆ ತಪ್ಪಾಗುವುದಿಲ್ಲ ಎಂದು ಗುರುವನ ಹತ್ತಿರ ಹೊಗಳುವನು. ಕ್ರಮೇಣ ಅವಳಿಗೆ ಸಾಕಾಯಿತು. ರವಿಕೆಗೆ ಕೊಕ್ಕೆ ಹಚ್ಚುವಾಗ, ತೋಳು ಕೂರಿಸುವಾಗ ಕಡ್ಡಿ ಮುಖದ ಮುಂದೆ ಬಂದರೆ ತಲೆಯೆತ್ತದೆ ಆಯ್ತು ಎಂದುಬಿಡುತ್ತಿದ್ದಳು. ಅವನು ಅಷ್ಟಕ್ಕೇ ಮುಚ್ಚಳ ಹಾಕುತ್ತಿದ್ದ.

ಈಚೆಗೆ ಡೆಕ್ ಕರೆಯುವವರು ಕಡಿಮೆಯಾಗಿದ್ದರು. ಕೊಪ್ಪದ ಕ್ಯಾಸೆಟ್ ಅಂಗಡಿ ಹೋದ ವರ್ಷ ಮೊಬೈಲ್ ಅಂಗಡಿಯಾಗಿತ್ತು. ಆದರೂ ಅವನು ವಾರಕ್ಕೊಮ್ಮೆ ಅದನ್ನು ಒರೆಸುವುದು ಬಿಡಲಿಲ್ಲ.

*

ಕರೆಂಟೂ ಅರ್ಪಣಾಳ ಬಸ್ಸೂ ಒಟ್ಟಿಗೇ ಬಂದವು. ಡ್ರೈವರು ಬಸ್‌ಸ್ಟ್ಯಾಂಡಿನವರೆಗೆ ಹೋಗದೆ ಮನೆಯ ಎದುರೇ ನಿಲ್ಲಿಸಿ ಅವಳನ್ನು ಇಳಿಸಿದ. ಬಸ್ಸಿನಲ್ಲಿದ್ದವರು ಕಿಟಕಿಯಿಂದ ಬಾಗಿ ಕೈಮುಗಿದರು. ಅವಳು ಒಳಗೆ ಬಂದು ಅಪ್ಪನ ಕಾಲು ಹಿಡಿದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಮೇಜಿನ ಕಡೆ ನೋಡಿದಳು.

“ಇನ್ನೂ ಹಾಕ್ಲಿಲ್ವಾ? ಅಪ್ಪಂಗೆ ಡೆಕ್ ಹಾಕ್ಲಿಲ್ವಾ?”

ಶ್ರೀಕಾಂತ ಒಳಗೆ ಬಂದ. ಭಟ್ಟರು ದರ್ಭೆ ಸರಿಮಾಡಿಕೊಂಡರು. ಇನ್ನು ಕಾಯುವ ಹಾಗಿರಲಿಲ್ಲ. ಚಟ್ಟಕ್ಕೆ ಹೆಣ ಏರಿಸಿ ಕಟ್ಟುವಾಗ ಗುರುವ ಮುಚ್ಚಳ ಹಾಕದೆಯೇ ಕ್ಯಾಸೆಟ್ ತುರುಕಿ, ಆಂಪ್ಲಿಫೈಯರಿನ ವೈರು ಸಿಕ್ಕಿಸಿ, ಗುಂಡಿ ಒತ್ತಿದ. ಕಟಕ್ಕೆಂದಿತು. ಮುಳ್ಳುಗಳು ಎದ್ದವು.

ಭಜನೆ ಬಂತು. ಆದರೆ ಎಲ್ಲರ ಕಿವಿಗೆ ಗುರುತಿದ್ದ ಆ ಎತ್ತರದ ದನಿ ಬರಲಿಲ್ಲ. ನಿದ್ದೆಗಣ್ಣಿನ ಗಂಡಸೊಬ್ಬ ಗಂಟಲೊಳಗೇ ಎಳೆಯುತ್ತಿದ್ದ ಹಾಗಿತ್ತು. ಒಂದು ಅಕ್ಷರದಿಂದ ಇನ್ನೊಂದು ಅಕ್ಷರಕ್ಕೆ ಹತ್ತಲಾರದೆ ಹತ್ತಿ, ನಡುವೆ ಜೋಲಿ ಹೊಡೆದು, ಮತ್ತೆ ಸಾವರಿಸಿಕೊಳ್ಳುತ್ತಿತ್ತು. ತಾಳದ ಸದ್ದು ಪಾತ್ರೆ ಉರುಳಿದಂತೆ ಕೇಳಿಸಿತು. ಹಿಂದೆ ನಿಂತಿದ್ದವನೊಬ್ಬ ನಗು ತಡೆಯಲು ಕೆಮ್ಮಿದ.

“ಬೆಲ್ಟು ಸರಿ ಇದೆ, ಮೋಟರ್ ಸರಿ ಇದೆ,” ಎಂದ ಗುರುವ. ಅವನ ಕಣ್ಣಲ್ಲಿ ನೀರಿತ್ತು. “ಎಲ್ಲಿ ಜಾರ್ತಿದೆ ಅಂತ್ಲೇ ಗೊತ್ತಾಗ್ತಿಲ್ಲ ಮಾರಾಯ.”

ವನಮಾಲಾಳಿಗೆ ಗೊತ್ತಾಯಿತು.

*

ಹಿಂದಿನ ವಾರ ಡೆಕ್ ಓಡುವಾಗ ಕೀಂ ಕೀಂ ಎನ್ನುತ್ತಿತ್ತು. ವಿಘ್ನೇಶ್ವರ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾಗ ಆ ಸದ್ದಿಗೆ ಬೇಸತ್ತಿದ್ದ ಅವಳು ತನ್ನ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿಯ ಕೊಕ್ಕನ್ನು ಅದರೊಳಗೆ ತೂರಿಸಿ, ತಿರುಗುವುದಕ್ಕೆಲ್ಲ ಎರಡೆರಡು ಹನಿ ಬಿಟ್ಟಿದ್ದಳು. ಮಿಷನ್ನು ಕೂಗಿದರೆ ಎಣ್ಣೆ ಬಿಡಬೇಕು. ಅವಳಿಗೆ ಗೊತ್ತಿದ್ದದ್ದು ಅದು. ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದಳು.

ಸಂಜೆ ಅವನು ಕ್ಯಾಸೆಟ್ ಹಾಕಿ, ಕೇಳಿ, ವಾಸನೆ ನೋಡಿ, ಕೂಗಾಡಿದ. ಬಸ್‌ಸ್ಟ್ಯಾಂಡಿನ ದನಿ ಮೊದಲ ಸಲ ಮನೆಯೊಳಗೆ ಬಂತು. ರಬ್ಬರಿಗೆ ಯಾರಾದರೂ ಎಣ್ಣೆ ಬಿಡುತ್ತಾರೆಯೇ ಎಂದು ಅವನು, ಹೆಂಡತಿಯ ಕಷ್ಟಕ್ಕಿಂತ ರಬ್ಬರಿನ ಕಷ್ಟವೇ ದೊಡ್ಡದಾಯಿತೇ ಎಂದು ಇವಳು. ಅಲ್ಲಿಗೆ ಮಾತು ನಿಂತಿತು. ಆಮೇಲೆ ಅವನಿಗೆ ಏನಾದರೂ ಬೇಕಾದರೆ ಡೆಕ್ಕಿಗೆ ಹೇಳುತ್ತಿದ್ದ. “ನೋಡು ಮಾರಾಯ, ಕಾಫಿ ಆಗಿದ್ರೆ ಕೊಡ್ಬಹುದು ಅಂತ ಹೇಳು.” ಅವಳೂ ಲೋಟವನ್ನು ಡೆಕ್ಕಿನ ಮುಂದೆಯೇ ಇಟ್ಟು ಹೋಗುತ್ತಿದ್ದಳು.

ದಿನಾ ಸಂಜೆ ಒರೆಸಿದ. ರಬ್ಬರು ಎಣ್ಣೆ ಕುಡಿದಿತ್ತು. ಒರೆಸಿದಷ್ಟೂ ಬರುತ್ತಿತ್ತು. ನಿನ್ನೆ ಸಂಜೆ ಅವಳು ಮಿಷನ್ನಿನ ಮುಂದೆ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಒಂದು ತೋಳನ್ನು ಎರಡನೆಯ ಸಲ ಬಿಚ್ಚಿ ಕೂರಿಸುತ್ತಿದ್ದಳು. ಹಿಂದೆ ಅವನು ಬಂದು ನಿಂತದ್ದು ತಿಳಿಯಿತು. ಕಡ್ಡಿ ಕಿವಿಯ ಹತ್ತಿರ ಬಂತು. ಸ್ಪಿರಿಟ್ಟಿನ ವಾಸನೆ ಬಂತು.

“ನೋಡೇ,” ಎಂದ. ಡೆಕ್ಕಿಗಲ್ಲ, ಅವಳಿಗೆ. “ಬೆಳ್ಳಗಾಯ್ತಾ?”

ತಿರುಗಿದರೆ ತೋಳಿನ ಹಿಡಿ ತಪ್ಪುತ್ತಿತ್ತು. ತಿರುಗಿದರೆ ಅವನ ಮುಖವನ್ನೂ ನೋಡಬೇಕಾಗುತ್ತಿತ್ತು.

“ಆಯ್ತು,” ಎಂದಳು.

“ಆಯ್ತಾ? ಹಾಗಾದ್ರೆ ಮುಗೀತು. ನಾಳೆ ಗುರುವ ಬೆಲ್ಟ್ ತರ್ತಾನೆ.” ಅವನ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ಅವಳಿಗೂ ಹಗುರವೆನಿಸಿತು. ಊಟಕ್ಕೆ ಕೂತಾಗ ಅವನು ಎರಡನೆಯ ಸಲ ಸಾರು ಹಾಕಿಸಿಕೊಂಡ. ಹಾಕು ಎಂದು ಅವಳಿಗೇ ಹೇಳಿದ.

*

“ನಿಲ್ಸು ಅದನ್ನ,” ಎಂದ ಶ್ರೀಕಾಂತ. ಅವನ ಕೈಯಲ್ಲಿ ಬೆಂಕಿಯ ಮಡಕೆಯಿತ್ತು. “ಊರು ಕೇಳ್ತಿದೆ. ಅಣ್ಣನ ಮರ್ಯಾದೆ ತೆಗೀಬೇಡಿ.”

ಗುರುವನ ಬೆರಳು ಗುಂಡಿಯ ಮೇಲೆ ಹೋಯಿತು. ಅವನು ವನಮಾಲಾಳನ್ನು ನೋಡಿದ. ಅವಳು ಬಾಯಿ ತೆರೆದಳು. ಹೇಳಬೇಕಾದದ್ದು ಒಂದೇ ಮಾತು, ಚಕ್ರ ಒರೆಸಬೇಕು ಎಂದು. ಮೇಜಿನ ಮೇಲೆ ಬಾಟಲಿಯಿತ್ತು, ಕಡ್ಡಿಯಿತ್ತು. ಆದರೆ ಹೊರುವವರು ಆಗಲೇ ಚಟ್ಟಕ್ಕೆ ಹೆಗಲು ಕೊಟ್ಟಿದ್ದರು. ಎತ್ತಿದ್ದನ್ನು ಮತ್ತೆ ಇಳಿಸುವಂತಿರಲಿಲ್ಲ.

“ಇರ್ಲಿ ಬಿಡು,” ಎಂದಳು.

ಚಟ್ಟ ಹೊಸಿಲು ದಾಟಿತು. ಹೆಣ ಹೊತ್ತವರು ಸಾಮಾನ್ಯವಾಗಿ ಬಿರುಸಾಗಿ ನಡೆಯುತ್ತಾರೆ. ಇವರೂ ಹಾಗೇ ಹೊರಟರು. ಆದರೆ ಹಿಂದಿನಿಂದ ಆ ಎಳೆದ ದನಿ, ತಡವಾಗಿ ಬೀಳುವ ತಾಳ ಅಂಗಳ ತುಂಬಿಕೊಂಡಿತ್ತು. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ನಾಲ್ವರ ಹೆಜ್ಜೆಯೂ ತಾನಾಗಿ ಅದಕ್ಕೆ ಸಿಕ್ಕಿಬಿದ್ದಿತ್ತು. ಒಂದು ಹೆಜ್ಜೆ ಇಟ್ಟು, ತಾಳಕ್ಕೆ ಕಾದು, ಇನ್ನೊಂದು. ಮುಂದೆ ಹೋಗುತ್ತಿದ್ದ ಶ್ರೀಕಾಂತ ತಿರುಗಿ ನೋಡಿ, ಬೇಗ ಬೇಗ ಎಂದ. ಅವರಿಗೆ ಬೇಗ ಬರಲು ಆಗಲಿಲ್ಲ. ಕೊನೆಗೆ ಅವನೂ ಮಡಕೆ ಹಿಡಿದುಕೊಂಡು ಅದೇ ಹೆಜ್ಜೆಗೆ ಇಳಿದ. ನಗು ತಡೆಯಲು ಕೆಮ್ಮಿದವನು ಈಗ ಕಣ್ಣು ಒರೆಸಿಕೊಳ್ಳುತ್ತಿದ್ದ.

ಬಸ್‌ಸ್ಟ್ಯಾಂಡಿನ ತಿರುವು ಬರುವ ಮೊದಲೇ ಕರೆಂಟು ಹೋಯಿತು. ದನಿ ಇನ್ನೂ ಆಳಕ್ಕಿಳಿದು, ಒಂದು ಗೊರಕೆಯಂತಾಗಿ, ಅಕ್ಷರದ ನಡುವೆಯೇ ನಿಂತಿತು. ಹೊತ್ತವರು ಒಂದು ಕ್ಷಣ ಎತ್ತಿದ ಕಾಲನ್ನು ಇಡಲು ತಿಳಿಯದವರಂತೆ ನಿಂತರು. ಆಮೇಲೆ ನಡೆದರು.

ಗಂಡಸರೆಲ್ಲ ಹೋದರು. ಗುರುವನೂ ಹೋದ. ಹೋಗುವಾಗ ಹಾರಿಬಿದ್ದಿದ್ದ ಬೆಲ್ಟನ್ನು ಹೆಣದ ಕಾಲಿದ್ದ ಜಾಗದಿಂದ ಆರಿಸಿ ಕಿಸೆಗೆ ಹಾಕಿಕೊಂಡ.

ಹೆಂಗಸರು ಕೋಣೆ ತೊಳೆದರು. ಸುಬ್ಬಮ್ಮ ಕೊಡದಿಂದ ನೀರು ಸುರಿಯುತ್ತಾ, ಅರ್ಪಣಾ ಗುಡಿಸುತ್ತಾ ಬಾಗಿಲ ಕಡೆಗೆ ಬಂದರು. ಹೆಣದ ತಲೆಯಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟರು. ಇದ್ದಕ್ಕಿದ್ದಂತೆ ಕೋಣೆಯಲ್ಲಿ ಗಂಡಸಿನ ಗೊರಕೆ ಎದ್ದು, ಅದು ಮಾತಾಗಿ, ಮಾತು ಭಜನೆಯಾಯಿತು. ಸುಬ್ಬಮ್ಮನ ಕೈಯಿಂದ ಕೊಡ ಬಿತ್ತು. ಕರೆಂಟ್ ಬಂದಿತ್ತು, ಒತ್ತಿದ ಗುಂಡಿ ಹಾಗೇ ಇತ್ತು.

“ಅಯ್ಯೋ, ಇವ್ನು ಹೋದ್ರೂ ಇದು ಬಿಡೋದಿಲ್ಲಲ್ಲ ಮಾರಾಯ್ತಿ,” ಎಂದಳು ಸುಬ್ಬಮ್ಮ, ಎದೆ ಹಿಡಿದುಕೊಂಡು. “ಹೆಣ ಹೋದ್ಮೇಲೆ ಎಂತಕ್ಕೆ ಹಾಡು? ನಿಲ್ಸು ಅದನ್ನ.”

ವನಮಾಲಾ ಗುಂಡಿ ಎತ್ತಿದಳು. ಕ್ಯಾಸೆಟ್ ಹೊರಗೆ ತೆಗೆದಳು. ಆಮೇಲೆ ಬಚ್ಚಲಿಗೆ ಹೋಗಿ ತಲೆಗೆ ತಣ್ಣೀರು ಹೊಯ್ದುಕೊಂಡು ಬಂದಳು. ಅರ್ಪಣಾ ಗೋಡೆಗೆ ಒರಗಿದಲ್ಲೇ ನಿದ್ದೆ ಹೋಗಿದ್ದಳು. ಸುಬ್ಬಮ್ಮ ತನ್ನ ಸ್ನಾನಕ್ಕೆಂದು ಮನೆಗೆ ಹೋಗಿದ್ದಳು. ಆಮೇಲೆ ಅಕ್ಕಪಕ್ಕದವರು ಗಂಜಿ ತರುತ್ತಾರೆ ಎಂದು ಯಾರೋ ಹೇಳಿದ್ದರು.

ಅವಳು ಮೇಜಿನ ಮುಂದೆ ನಿಂತಳು. ಬೆನ್ನಿಗೆ ಅಂಟಿದ ಕೂದಲಿನಿಂದ ನೀರು ಇಳಿದು ನೆಲಕ್ಕೆ ಬೀಳುತ್ತಿತ್ತು. ಕಡ್ಡಿಯ ತುದಿಯಲ್ಲಿ ನಿನ್ನೆಯ ಹತ್ತಿ ಹಾಗೇ ಇತ್ತು. ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಒಣಗಿ ಗಟ್ಟಿಯಾಗಿತ್ತು. ಮೂಸಿದರೆ ತನ್ನ ಮಿಷನ್ನಿನ ಎಣ್ಣೆಯ ವಾಸನೆ.

ಅದನ್ನು ಬಿಡಿಸಿ ಕಿಟಕಿಯಲ್ಲಿಟ್ಟಳು. ದೇವರ ಬತ್ತಿಯ ಡಬ್ಬಿಯಿಂದ ಹೊಸ ಹತ್ತಿ ತೆಗೆದು ಕಡ್ಡಿಗೆ ಸುತ್ತಿದಳು. ಅವನ ಹಾಗೆ ಬಿಗಿಯಾಗಿ ಬರಲಿಲ್ಲ. ಬಿಚ್ಚಿ ಮತ್ತೆ ಸುತ್ತಿದಳು. ಸ್ಪಿರಿಟ್ಟಿನಲ್ಲಿ ಅದ್ದಿ, ರಬ್ಬರ್ ಚಕ್ರಕ್ಕೆ ಹಚ್ಚಿ, ಇನ್ನೊಂದು ಕೈಯ ಬೆರಳಿನಿಂದ ಚಕ್ರವನ್ನು ಮೆಲ್ಲಗೆ ತಿರುಗಿಸಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಹತ್ತಿ ಕಪ್ಪಾಯಿತು. ಕಿಟಕಿಯಲ್ಲಿಟ್ಟು ಬೇರೆ ಸುತ್ತಿದಳು. ಅದೂ ಕಪ್ಪಾಯಿತು. ಕಿಟಕಿಯಲ್ಲಿ ಹತ್ತಿಯ ಸಾಲು ಬೆಳೆಯಿತು. ಕೊನೆಕೊನೆಯವು ಕಪ್ಪಿನಿಂದ ಕಂದಿಗೆ, ಕಂದಿನಿಂದ ಹಳದಿಗೆ ಬಂದವು.

ದೀಪದ ಬೆಳಕಿನಲ್ಲಿ ಎಲ್ಲವೂ ಹಳದಿಯಾಗಿಯೇ ಕಾಣುತ್ತದೆ. ಅವಳು ಕಡ್ಡಿ ಹಿಡಿದುಕೊಂಡು ಹೊಸಿಲಿಗೆ ಹೋದಳು. ಬಿಸಿಲು ಈಗ ಅಂಗಳಕ್ಕೆ ಇಳಿದಿತ್ತು. ಕಡ್ಡಿಯನ್ನು ಎತ್ತಿ ಬಿಸಿಲಿಗೆ ಹಿಡಿದು, ಸೂಜಿಗೆ ದಾರ ಪೋಣಿಸುವಾಗ ಮಾಡುವಂತೆ ಒಂದು ಕಣ್ಣು ಕಿರಿದಾಗಿಸಿ, ಹತ್ತಿಯನ್ನು ಸುತ್ತಲೂ ತಿರುಗಿಸಿ ತಿರುಗಿಸಿ ನೋಡಿದಳು.

“ಇನ್ನೂ ಇಲ್ಲ,” ಎಂದಳು.

ಒಳಗೆ ಬಂದು ಹೊಸ ಹತ್ತಿ ತೆಗೆದುಕೊಂಡಳು.